ಎತ್ತಿನ ಗಂಟೆಗೆ ಬಟ್ಟೆ ಸುತ್ತಿಕೊಂಡು ಬನ್ನಿ

ನಮ್ಮ ಮನೆತನದ ವಂಶಾವಳಿ ಹೇಳುವ ಹೆಳವಪ್ಪನವರಿಗೆ ಶರಣಾರ್ಥಿ.

ಬಿಳಿಜೋಳ ಈ ಸಲ ಪರವಾಗಿಲ್ಲವಂತೆ, ಕಾಕಾ ಫೋನ್ ಮಾಡಿದ್ದರು. ಅಂದರೆ ಸುಗ್ಗಿ ಮುಗಿಯುತ್ತಿದ್ದ ಹಾಗೆ ನೀವು ನಮ್ಮ ಅಂಗಳಕ್ಕೆ ಬರುವುದು ಖಾತ್ರಿ. ಬರುವ ಮೊದಲು ಈ ಪತ್ರ ಓದಿಕೊಂಡು ಬನ್ನಿ. ನಿಮಗೊಬ್ಬರಿಗೇ ಬರೆಯಬೇಕಾದದ್ದನ್ನು ಹೀಗೆ ನಾಲ್ಕು ಮಂದಿ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಿಮ್ಮ ವಿಳಾಸ ನನ್ನ ಹತ್ತಿರ ಇಲ್ಲ, ಕೇಳಿದರೆ ಯಾವ ಕಚೇರಿಯೂ ಕೊಡುವುದಿಲ್ಲ. ವಿಳಾಸ ವೈಯಕ್ತಿಕ ಮಾಹಿತಿ.

ನಿಮ್ಮ ತಂದೆಯವರನ್ನು ನಾನು ಮೊದಲು ನೋಡಿದ್ದು ಅರವತ್ತು ವರ್ಷದ ಹಿಂದೆ. ಎತ್ತಿನ ಮೇಲೆ ಬಂದಿದ್ದರು. ಸೊಂಟದಿಂದ ಕೆಳಗೆ ಕಾಲು ಕಾಣದ ಹಾಗೆ ಕೌದಿ, ಕೈಯಲ್ಲಿ ಗಂಟೆ. ಹೆಳವ ಅಂದರೆ ಕಾಲಿಲ್ಲದವ ಎಂದು ಅವ್ವ ಹೇಳಿದ್ದಳು. ಊಟಕ್ಕೆ ಕರೆದಾಗ ಅವರು ಎತ್ತಿನಿಂದ ಟಣ್ಣನೆ ಇಳಿದು ನಡೆದುಬಂದದ್ದನ್ನು ಕಂಡು ನಾನು 'ಅಜ್ಜಾ, ಹೆಳವಗ ಕಾಲ ಅದಾವ!' ಎಂದು ಕೂಗಿದೆ. 'ಸುಮ್ನಿರಲೇ, ಅದು ಅವರ ಮನೀ ಮಾತು' ಎಂದು ಅಜ್ಜ ಗದರಿದರು. ಗೌಪ್ಯತೆಯ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಮೊದಲ ಚರ್ಚೆ ಅದೇ ಇರಬೇಕು.

ಊಟವಾದ ಮೇಲೆ ಹಳೆಯ ಹೊತ್ತಿಗೆ ಬಿಚ್ಚಿ, ಓಣಿಗೆಲ್ಲ ಕೇಳುವಂತೆ ಅವರು ಹೇಳತೊಡಗಿದರು. ನಮ್ಮ ಮೂಲಪುರುಷ ಯಾವ ಊರಿನವ, ಬೆಡಗು ಯಾವುದು, ಯಾವ ಬರಗಾಲದಲ್ಲಿ ಊರು ಬಿಟ್ಟ, ಗಂಡುಮಕ್ಕಳೆಷ್ಟು, ಯಾರ ಕವಲು ಎಲ್ಲಿ ಹೋಗಿ ನಿಂತಿತು. ಏಳು ತಲೆಮಾರು, ಒಂದೇ ಉಸಿರಿನಲ್ಲಿ. ಅಜ್ಜ ಜೋಳ ಅಳೆದುಕೊಟ್ಟರು, ಹೊಸ ಧೋತರ ಉಡುಗೊರೆ ಮಾಡಿದರು.

ಹೆಳವಪ್ಪನವರೇ, ಅಂದು ನಿಮ್ಮ ತಂದೆಯವರು ಮಾಡಿದ್ದಕ್ಕೆ ಇಂದಿನ ಹೆಸರು ಡೇಟಾ ಸೋರಿಕೆ.

2023ರ ಆಗಸ್ಟ್‌ನಲ್ಲಿ ದಿಲ್ಲಿಯಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಿತು. ಅದರ ಪ್ರಕಾರ ಇನ್ನೊಬ್ಬರ ಮಾಹಿತಿ ಇಟ್ಟುಕೊಂಡವರು ಡೇಟಾ ಫಿಡ್ಯೂಷಿಯರಿ. ಅದನ್ನು ಜೋಪಾನ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಎತ್ತು ಮಾರಿದರೆ ಅಷ್ಟು ಹುಟ್ಟಲಿಕ್ಕಿಲ್ಲ. ಹೆಸರು ಬರೆಯುವ ಮೊದಲು ಒಪ್ಪಿಗೆ ಬೇಕು. ಆ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿರಬಾರದು, ಗೊಂದಲವಿರಬಾರದು. ಹೆಣ್ಣು ನೋಡಲು ಹೋದಾಗಲೂ ನಾವು ಇಷ್ಟು ಕೇಳಿದ್ದಿಲ್ಲ. ಹದಿನೆಂಟು ತುಂಬದ ಮಕ್ಕಳದ್ದಾದರೆ ತಂದೆತಾಯಿಯ ಒಪ್ಪಿಗೆ, ಅದೂ ಪರಿಶೀಲಿಸಬಹುದಾದದ್ದು. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದು ಬೇಕೆಂದರೂ ಒದಗಿಸಬೇಕು. ನಮ್ಮ ಮನೆಯಲ್ಲಿ ಯಾರೂ ಬೋಡೊ ಭಾಷೆಯಲ್ಲಿ ಕೇಳುವುದಿಲ್ಲ, ಆ ಭಯ ಬೇಡ.

ಒಂದು ಸಮಾಧಾನವಿದೆ. ಮನೆಮಟ್ಟಿನ ಉಪಯೋಗಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಉಂಟು, ಅದು ನನಗೆ. ನೀವು ಕಾಳು ಇಸಿದುಕೊಳ್ಳುತ್ತೀರಿ, ನಿಮ್ಮದು ಕಸುಬಿನ ಲೆಕ್ಕಕ್ಕೆ ಹೋದೀತು. ಆದರೆ ಬರೀ ಕಾಗದದ ಮೇಲೆ ಇರುವುದಕ್ಕೆ ಕಾಯ್ದೆ ತಾಗುವುದಿಲ್ಲ, ಡಿಜಿಟಲ್ ಆದ ಮೇಲೆ ಮಾತ್ರ. ಆದ್ದರಿಂದ ನಿಮ್ಮ ಮಗ ಮೊಬೈಲ್ ಹಿಡಿದು ಹೊತ್ತಿಗೆಯ ಫೋಟೋ ತೆಗೆಯುತ್ತೇನೆ ಅಂದರೆ ಬಿಡಬೇಡಿ. ಗೆದ್ದಲು ತಿಂದರೆ ತಿನ್ನಲಿ. ದತ್ತಾಂಶ ಅಳಿಸುವ ಹಕ್ಕು ಗೆದ್ದಲಿಗೆ ಮೊದಲಿನಿಂದಲೂ ಇದೆ.

ಇಷ್ಟೆಲ್ಲ ಕಾನೂನು ನನಗೆ ಹೇಗೆ ತಿಳಿಯಿತು ಅಂದರೆ, ನಿವೃತ್ತಿಯಾದ ಮೇಲೆ ನಾನೂ ನಿಮ್ಮ ಕಸುಬಿಗೆ ಕೈ ಹಾಕಿದೆ.

ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಹೊತ್ತಿಗೆಯಲ್ಲಿ ಒಂದು ಕೊರತೆ ಇದೆ. ಅದರಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ, ಹೆಂಗಸರಿಲ್ಲ. ನೀವು ಗೌಪ್ಯತೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದು ಅದೊಂದೇ ಬಾಬತ್ತಿನಲ್ಲಿ. ನನ್ನ ಮುತ್ತಜ್ಜಿ 1918ರ ಇನ್‌ಫ್ಲುಯೆಂಜಾದಲ್ಲಿ, ನಮ್ಮ ಕಡೆಯವರು ಮಾನಮೋಡಿ ಅಂದ ಬೇನೆಯಲ್ಲಿ, ಹೋದಳು. ಅಜ್ಜ ಆಗ ತೊಟ್ಟಿಲ ಕೂಸು. ವರ್ಷ ತುಂಬುವುದರೊಳಗೆ ಮುತ್ತಜ್ಜ ಇನ್ನೊಂದು ಮದುವೆಯಾದ. ಮೊದಲಿನವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಜ್ಜನಿಗೆ ಸಾಯುವವರೆಗೂ ಹೆತ್ತ ತಾಯಿಯ ಹೆಸರು ಗೊತ್ತಿರಲಿಲ್ಲ.

ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹುಟ್ಟು ಸಾವು ಬರೆದಿಡುವುದು ಊರ ಅಧಿಕಾರಿಗಳ ಕೆಲಸ. ನಮ್ಮೂರಿನ ಆ ರಿಜಿಸ್ಟರು ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಕೆಂಪು ರುಮಾಲಿನ ಗಂಟಿನಲ್ಲಿ ಇದೆ. ಬಾಗಿಲ ಸಂದಿನಿಂದ ನಾನೇ ನೋಡಿದ್ದೇನೆ. ಒಳಗೆ ಅವಳ ಹೆಸರಿರಬಹುದು, ಬರೀ 'ಇಂಥವನ ಹೆಂಡತಿ' ಎಂದೂ ಇರಬಹುದು. ಬಿಚ್ಚಿ ನೋಡದೆ ಹೇಗೆ ಹೇಳುವುದು?

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಮುತ್ತಜ್ಜಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟು ಪದಗಳಿಗೆ ಆಗುವಷ್ಟೂ ಇರಲಿಲ್ಲ, ಹಾಗಾಗಿ ತೊಂದರೆಯಾಗಲಿಲ್ಲ. ಇಪ್ಪತ್ತೊಂಬತ್ತನೆಯ ದಿನ ಹಿಂಬರಹ ಬಂತು. 'ಸದರಿ ಮಾಹಿತಿಯು ವೈಯಕ್ತಿಕ ಮಾಹಿತಿಯಾಗಿರುವುದರಿಂದ ಕಲಂ 8(1)(ಜೆ) ರನ್ವಯ ನೀಡಲು ಅವಕಾಶವಿರುವುದಿಲ್ಲ. ಸಂಬಂಧಪಟ್ಟ ವ್ಯಕ್ತಿಯ ಹೆಸರನ್ನು ನಮೂದಿಸಿ, ಸದರಿಯವರ ಲಿಖಿತ ಒಪ್ಪಿಗೆ ಪತ್ರವನ್ನು ಹಾಜರುಪಡಿಸಿದಲ್ಲಿ ಮುಂದಿನ ಕ್ರಮ ವಹಿಸಲಾಗುವುದು.'

ಹಿಂಬರಹ ಹಿಡಿದುಕೊಂಡು ವಿಷಯ ನಿರ್ವಾಹಕರ ಮೇಜಿನ ಮುಂದೆ ನಿಂತೆ. ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ.

'ತಮ್ಮಾ, ಆಕಿ ತೀರಿಕೊಂಡು ನೂರು ವರ್ಷದ ಮ್ಯಾಲಾತು.'

'ಡೆತ್ ಸರ್ಟಿಫಿಕೇಟ್ ಅದ ಏನ್ರೀ?'

'ಅದನ್ನ ಕೇಳಾಕ ಬಂದೀನಿ.'

'ಅದಿಲ್ಲದ ತೀರಿಕೊಂಡಾರ ಅಂತ ನಾವು ಹ್ಯಾಂಗ್ರೀ ನಂಬೂದು?'

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಎದ್ದು ಹೊರಗೆ ಬರುವಾಗ ಪಕ್ಕದ ಮೇಜಿನಲ್ಲಿ ಒಬ್ಬ ರೈತನಿಗೆ ದಬಾಯಿಸುತ್ತಿದ್ದರು. ಪೌತಿ ಖಾತೆ ಆಗಬೇಕಾದರೆ ವಂಶವೃಕ್ಷ ಸರಿಯಾಗಿ ತರಬೇಕಂತೆ, ಅಜ್ಜನ ಎಲ್ಲ ಹೆಂಡತಿಯರ ಹೆಸರೂ ಇರಬೇಕಂತೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಂದೇ ಕೋಣೆಯೊಳಗೆ ಒಂದು ಮೇಜು ನಿನ್ನ ಅಜ್ಜಿ ಯಾರೆಂದು ಹೇಳು ಅನ್ನುತ್ತದೆ, ಇನ್ನೊಂದು ಮೇಜು ಅದನ್ನು ಕೇಳಬೇಡ ಅನ್ನುತ್ತದೆ. ನಡುವೆ ಚಹಾದ ಕಪ್ಪಿನಷ್ಟು ಜಾಗ.

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಸರಕಾರದ ಭೂದಾಖಲೆ ತಾಣ 'ಭೂಮಿ' ತೆರೆದೆ. ಊರು, ಸರ್ವೆ ನಂಬರ್ ಒತ್ತಿದರೆ ಪಹಣಿ ಬಂತು. ಬದುಕಿರುವ ದಾಯಾದಿಗಳ ಹೆಸರು 9ನೇ ಕಾಲಂನಲ್ಲಿ, ಅವರ ಬ್ಯಾಂಕಿನ ಸಾಲ 11ನೇ ಕಾಲಂನಲ್ಲಿ. ಯಾರ ಒಪ್ಪಿಗೆಯನ್ನೂ ಅದು ಕೇಳಲಿಲ್ಲ. ಹಾಗೆ ತೆರೆದಿರುವುದೇ ಸರಿ ಅನ್ನುವವ ನಾನು, ಅದು ತೆರೆದಿದ್ದರಿಂದ ಎಷ್ಟೋ ಜನರ ಹೊಲ ಉಳಿದಿದೆ. ಬದುಕಿರುವ ಕಾಕಾನ ಸಾಲ ಜಗತ್ತಿಗೆ ಕಾಣಬಹುದಾದರೆ, ಸತ್ತ ಮುತ್ತಜ್ಜಿಯ ಹೆಸರು ನನಗೊಬ್ಬನಿಗೆ ಕಾಣಬಾರದೇ ಎಂದಷ್ಟೇ ನನ್ನ ತಕರಾರು.

ಈ 8(1)(ಜೆ) ಮೊದಲು ಹೀಗಿರಲಿಲ್ಲ. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದಾಗ ಅದರಲ್ಲೊಂದು ತಕ್ಕಡಿ ಇತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಅಥವಾ ಒಬ್ಬರ ಖಾಸಗಿ ಬದುಕಿನೊಳಗೆ ಸುಮ್ಮನೆ ನುಗ್ಗುವಂಥ ಮಾಹಿತಿಯಾದರೆ ಕೊಡಬೇಡಿ, ದೊಡ್ಡ ಸಾರ್ವಜನಿಕ ಹಿತ ಕಂಡರೆ ಕೊಡಿ ಎಂದಿತ್ತು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಯಾವ ಮನುಷ್ಯನಿಗೂ ನಿರಾಕರಿಸಬೇಡಿ ಎಂದೂ ಇತ್ತು. ಹೊಸ ದತ್ತಾಂಶ ಕಾಯ್ದೆಯ 44(3)ನೇ ಕಲಂ ಅಷ್ಟನ್ನೂ ಕತ್ತರಿಸಿ, 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂದು ಮಾತ್ರ ಉಳಿಸಿತು. ತಕ್ಕಡಿ ಪೂರ್ತಿ ಹೋಗಿಲ್ಲ, 8(2)ರಲ್ಲಿ ಇದೆಯಲ್ಲ ಎಂದು ಸರಕಾರ ಹೇಳುತ್ತದೆ. ನಿಜ, ಇದೆ. ಅಲ್ಲಿ ಸಾರ್ವಜನಿಕ ಹಿತ ಹಾನಿಗಿಂತ ತೂಕದ್ದಾದರೆ ಕಚೇರಿ ಕೊಡಬಹುದು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಸತ್ತವನ ಹೆಸರಿಗೆ ಕೂಲಿ ಬೀಳುತ್ತಿದೆಯೇ ಎಂದು ನೋಡುವವರಾದರೆ ಏನಾದರೂ ವಾದಿಸಿಯಾರು. ನನ್ನ ಮುತ್ತಜ್ಜಿಯ ಹೆಸರಿನಲ್ಲಿ ಯಾವ ಸಾರ್ವಜನಿಕ ಹಿತವಿದೆ? ಒಂದು ರಾತ್ರಿಯೆಲ್ಲ ಯೋಚಿಸಿದೆ. ಇಲ್ಲ. ಒಬ್ಬ ಮುದುಕನಿಗೆ ಅವಳ ಹೆಸರು ಬೇಕಾಗಿದೆ, ಅಷ್ಟೇ.

ತಕ್ಕಡಿ ಅಂದೆನಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ನಿಮ್ಮ ತಂದೆಯವರ ಕೈಯಲ್ಲಿ. ನಮ್ಮ ಮೂರನೇ ಕವಲಿನಲ್ಲಿ ಒಬ್ಬರನ್ನು ದತ್ತು ತಂದದ್ದು ಹೊತ್ತಿಗೆಯಲ್ಲಿತ್ತು. ಎಷ್ಟೋ ವರ್ಷ ಓಣಿಯೆದುರು ಅದನ್ನು ಓದಲೇ ಇಲ್ಲ, ಆ ಸಾಲು ಬಂದಾಗ ಗಂಟೆ ಬಾರಿಸಿ ಮುಂದೆ ಹೋಗುತ್ತಿದ್ದರು. ಒಂದು ವರ್ಷ ಆ ದತ್ತು ಮಗನ ಮಗಳಿಗೆ ಒಂದು ಸಂಬಂಧ ಕುದುರುತ್ತಿತ್ತು. ವರನ ಮನೆ ಯಾವುದೆಂದರೆ ಆ ದತ್ತು ಮಗ ಹುಟ್ಟಿದ ಮನೆಯೇ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಿಮ್ಮ ತಂದೆ ಕಂದೀಲು ಹಿಡಿದುಬಂದು ಅಜ್ಜನೊಬ್ಬರಿಗೇ ಆ ಹಾಳೆ ತೋರಿಸಿದರು. ಮಾರನೆಯ ದಿನ ಜಾತಕ ಕೂಡಲಿಲ್ಲ ಎಂಬ ನೆಪದಲ್ಲಿ ಮಾತು ಮುರಿಯಿತು. ಯಾರ ಮಾನವೂ ಹೋಗಲಿಲ್ಲ. ಯಾವಾಗ ಮುಚ್ಚಬೇಕು, ಯಾರಿಗೆ ತೆರೆಯಬೇಕು ಎಂಬುದನ್ನು ಅವರಿಗೆ ಯಾವ ಸುತ್ತೋಲೆಯೂ ಕಲಿಸಿರಲಿಲ್ಲ.

ಖಾಸಗಿತನದ ಹಕ್ಕು ಬೇಡ ಎಂದು ನಾನು ಹೇಳುತ್ತಿಲ್ಲ. ಆ ಹಕ್ಕನ್ನು ದೇಶಕ್ಕೆ ಗೆದ್ದುಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕು ಎಂದಿತು. ಸರಕಾರ ಪ್ರಜೆಯ ಮನೆಯೊಳಗೆ ಇಣುಕಬಾರದು ಎಂದು ಹಿಡಿದ ಆ ಕೊಡೆಯನ್ನು ಈಗ ಸರಕಾರವೇ ತನ್ನ ರೆಕಾರ್ಡ್ ರೂಮಿಗೆ ಹಿಡಿದುಕೊಂಡಿದೆ. ಕೊಡೆಯ ನೆರಳು ಎಲ್ಲಿ ಬಿತ್ತು ಎಂಬುದಕ್ಕೆ ತಾರೀಕೇ ಸಾಕ್ಷಿ. 2025ರ ನವೆಂಬರ್‌ನಲ್ಲಿ ದತ್ತಾಂಶ ಕಾಯ್ದೆಯ ನಿಯಮಗಳು ಹೊರಬಂದವು. ನನ್ನ ನಿಮ್ಮ ಮಾಹಿತಿ ಒಟ್ಟುಹಾಕುವ ಕಂಪನಿಗಳು ಒಪ್ಪಿಗೆ, ಜೋಪಾನ ಇತ್ಯಾದಿ ಕಲಂಗಳಿಗೆ ಅಣಿಯಾಗಲು ಹದಿನೆಂಟು ತಿಂಗಳ ಪುರಸೊತ್ತು ಪಡೆದವು. ಮಾಹಿತಿ ಹಕ್ಕಿಗೆ ಹಾಕಿದ ಕತ್ತರಿಗೆ ಮಾತ್ರ ಪುರಸೊತ್ತು ಬೇಕಾಗಲಿಲ್ಲ, ಆಗಲೇ ಜಾರಿಯಾಯಿತು. ಈ ಸಾಲು ಬರೆಯುವಾಗಲೂ ಯಾವಳೋ ಹುಡುಗಿ ನನ್ನ ಪೂರ್ತಿ ಹೆಸರು ಹಿಡಿದು ಕರೆದು, ಪರ್ಸನಲ್ ಲೋನ್ ಬೇಕೇ ಸರ್ ಅಂದಳು.

ಬೇರೆ ದೇಶಗಳಲ್ಲೂ ನಿಮ್ಮಂಥವರು ಜಗಳಾಡುತ್ತಿದ್ದಾರೆ. ಅಮೆರಿಕದಲ್ಲಿ ಸತ್ತವರ ಸೋಶಿಯಲ್ ಸೆಕ್ಯೂರಿಟಿ ನಂಬರ್ ಹಿಡಿದು ತೆರಿಗೆ ಮರುಪಾವತಿ ಕದಿಯುವವರು ಹೆಚ್ಚಾದರೆಂದು 2013ರ ಕಾನೂನಿನಲ್ಲಿ ಆ ನಂಬರುಗಳಿರುವ ಸಾವಿನ ಪಟ್ಟಿಗೆ ಬೀಗ ಹಾಕಿದರು. ವಂಶಾವಳಿ ಹುಡುಕುವವರು ಕೂಗೆಬ್ಬಿಸಿದರು. ಆದರೂ ಆ ಬೀಗಕ್ಕೊಂದು ಅವಧಿ ಇದೆ, ಸತ್ತು ಮೂರು ವರ್ಷ. ಅಲ್ಲಿನ ಜನಗಣತಿಯ ಹಾಳೆಗಳು 72 ವರ್ಷಕ್ಕೆ ತೆರೆಯುತ್ತವೆ, 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ಇಂಗ್ಲೆಂಡಿನಲ್ಲಿ ನೂರು ವರ್ಷ. ಯುರೋಪಿನ ದತ್ತಾಂಶ ಕಾನೂನು ತಾನು ಸತ್ತವರಿಗೆ ಅನ್ವಯಿಸುವುದಿಲ್ಲ ಎಂದು ಪೀಠಿಕೆಯಲ್ಲೇ ಬರೆದುಕೊಂಡಿದೆ, ವಂಶಾವಳಿ ಸಂಶೋಧನೆಯನ್ನು ಹೆಸರು ಹೇಳಿ ನೆನೆದಿದೆ. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಮಾತ್ರ ಗಣತಿ ದಾಖಲೆ ಯಾರೂ ನೋಡುವಂತಿಲ್ಲ ಅನ್ನುತ್ತದೆ, ಎಷ್ಟು ವರ್ಷ ಎಂದು ಹೇಳುವುದಿಲ್ಲ. ಇಷ್ಟರ ನಡುವೆ ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶಾವಳಿ ಬರೆದಿಟ್ಟ ಬಹಿಗಳನ್ನು ಯೂಟಾದ ವಂಶಾವಳಿ ಸಂಘದವರು ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದ್ದಾರೆ. ನಮ್ಮವರ ಅಜ್ಜಂದಿರು ಅಮೆರಿಕದಲ್ಲಿ ಸಿಗುತ್ತಾರೆ, ತಾಲ್ಲೂಕಿನಲ್ಲಿ ಸಿಗುವುದಿಲ್ಲ.

ನನ್ನ ಕೈಯಲ್ಲಿ ಒಂದು ಎಲೆ ಉಳಿದಿದೆ. ಅದೇ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಂಗೆ ಕತ್ತರಿ ತಾಗಿಲ್ಲ. ಇಪ್ಪತ್ತು ವರ್ಷಕ್ಕಿಂತ ಹಿಂದೆ ನಡೆದದ್ದರ ಮಾಹಿತಿಯನ್ನು ಕೊಡತಕ್ಕದ್ದು ಎಂದು ಅದರಲ್ಲಿದೆ. ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಮಂತ್ರಿಮಂಡಲದ ಕಡತ, ಈ ಮೂರಕ್ಕೆ ಮಾತ್ರ ಹೊರತು. ಜೆ ಆ ಮೂರರಲ್ಲಿಲ್ಲ. ಮುತ್ತಜ್ಜಿ ಸತ್ತದ್ದು ಮಂತ್ರಿಮಂಡಲದ ತೀರ್ಮಾನವೂ ಅಲ್ಲ. ಮೇಲ್ಮನವಿಯಲ್ಲಿ ಇದನ್ನೇ ಬರೆದು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ವಿಚಾರಣೆಗೆ ಎರಡು ಸಲ ತಾರೀಕು ಕೊಟ್ಟರು, ಎರಡು ಸಲವೂ ಸಾಹೇಬರು ಮೀಟಿಂಗಿಗೆ ಹೋಗಿದ್ದರು.

ನೀವು ಬನ್ನಿ. ಗಂಟೆಗೆ ಬಟ್ಟೆ ಸುತ್ತಿಕೊಂಡು, ಹಿತ್ತಿಲ ಬಾಗಿಲಿನಿಂದ ಬನ್ನಿ. ಮೊಮ್ಮಗಳು ಹುಟ್ಟಿದ್ದಾಳೆ, ಅವಳ ಹೆಸರು ಬರೆಸಬೇಕು. ಹೆಣ್ಣಿನ ಹೆಸರು ಬರೆಯುವ ರೂಢಿ ಇಲ್ಲ ಅನ್ನಬೇಡಿ, ಅದಕ್ಕೆಂದೇ ಎರಡು ಚೀಲ ಜೋಳ ಬೇರೆ ತೆಗೆದಿಟ್ಟಿದ್ದೇನೆ. ತಂದೆತಾಯಿಯ ಒಪ್ಪಿಗೆ ಕೇಳಿದ್ದೇನೆ. ಹುಡುಗಿ ಮಾತ್ರ ಪೆನ್ನು ಕಂಡರೆ ಅಳುತ್ತಾಳೆ.

ಇಂತಿ,
ನಿಮ್ಮ ಒಕ್ಕಲು

ಅಡಕ: ಒಪ್ಪಿಗೆ ಪತ್ರದ ನಮೂನೆ, ಒಂದು ಪ್ರತಿ. ಊರೂರು ತಿರುಗುವವರು, ಎಲ್ಲಾದರೂ ಮುತ್ತಜ್ಜಿಯ ತವರಿನವರು ಸಿಕ್ಕರೆ ತೋರಿಸಿ. ಎಡಗೈ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೇನೆ. ಹೆಸರಿನ ಜಾಗವೂ ಖಾಲಿ ಇದೆ.