ಅಜ್ಜಿಯ ಮಡಿಲಿಗೆ ಬೆಲ್ಟ್ ಇಲ್ಲ

ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ಕಲಿಕಾ ಪರವಾನಗಿಯ (ಎಲ್‌ಎಲ್) ಪರೀಕ್ಷೆ ಬರೆಯಬೇಕಾದವಳು ಸೊಸೆ, ಓದುತ್ತಿರುವವರು ಮಾತ್ರ ಮನೆಮಂದಿಯೆಲ್ಲ. ಮೂರು ವರ್ಷದ ಮಗನನ್ನು ಯಾರ ಹಂಗೂ ಇಲ್ಲದೆ ಆರ್.ಟಿ. ನಗರದ ತವರಿಗೆ ಕರೆದೊಯ್ಯಬೇಕೆಂಬುದು ಅವಳ ಆಸೆ. ಸ್ಕೂಟರೋ ಕಾರೋ ಇನ್ನೂ ತೀರ್ಮಾನವಾಗಿಲ್ಲ, ಎರಡಕ್ಕೂ ಅರ್ಜಿ ಹಾಕಿದ್ದಾಳೆ.

ಅಡ್ಡಗೆರೆ ಎಳೆದ ಹಾರ್ನಿನ ಚಿತ್ರಕ್ಕೆ ಅರ್ಥವೇನು ಎಂದರೆ ಒಗ್ಗರಣೆ ಹಾಕುತ್ತಲೇ ನಮ್ಮಾಕೆ ಉತ್ತರಿಸುತ್ತಾಳೆ. ಜಟಾಪಟಿ ಶುರುವಾದದ್ದು ಮಕ್ಕಳ ವಿಷಯಕ್ಕೆ ಬಂದಾಗ. 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕಾರು ಓಡಿಸಿದರೆ 1000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 194ಬಿ ಕಲಮು ಹೇಳುತ್ತದೆ. ಸೊಸೆ ಓದಿ ಮುಗಿಸುವಷ್ಟರಲ್ಲಿ ಅಡುಗೆಮನೆಯಿಂದ ಆಕ್ಷೇಪಣೆ ಬಂತು: "ನನ್ನ ಮಡಿಲಿರೋವಾಗ ಅದ್ಯಾವ ಸೀಟು? ಇವನಪ್ಪನ್ನ ತುಮಕೂರಿನವರೆಗೂ ಹಾಗೇ ಕರಕೊಂಡು ಹೋಗಿದ್ದೆ!"

ಸೊಸೆ ಎಂಜಿನಿಯರು, ಸುಮ್ಮನಿರುವ ಪೈಕಿ ಅಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಢಿಕ್ಕಿಯಾದರೆ 14 ಕಿಲೋದ ಹುಡುಗನನ್ನು ಹಿಡಿದಿಡಲು ತೋಳುಗಳು ಇನ್ನೂರು ಕಿಲೋ ಆಸುಪಾಸಿನ ಭಾರ ತಡೆಯಬೇಕು ಎಂದು ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದು ತೋರಿಸಿದಳು. ಐದು ಕಿಲೋ ಅಕ್ಕಿ ಎತ್ತಲು ನನ್ನನ್ನು ಕರೆಯುವ ನಮ್ಮಾಕೆ ಚೀಟಿ ನೋಡಿ, "ಹಾಲಿನವನಿಗೆ ಎರಡು ದಿನದ ದುಡ್ಡು ಬಾಕಿ ಇದೆ" ಎಂದಳು.

ಸ್ಕೂಟರಿನ ಅಧ್ಯಾಯ ಇನ್ನೂ ಸೊಗಸು. ಬಸ್ಸಿನಲ್ಲಿ ಅರ್ಧ ಟಿಕೆಟ್ಟಿನ ಮಗು ಇಲ್ಲಿ ಪೂರ್ತಿ ಒಬ್ಬ ಆಸಾಮಿ. ಸವಾರನ ಜೊತೆ ಒಬ್ಬರಿಗೆ ಮಾತ್ರ ಅವಕಾಶ, ಹಾಗಾಗಿ ಅಪ್ಪ, ಅಮ್ಮ, ನಡುವೆ ಕಂದ ಎಂಬ ನಮ್ಮ ಸಂಸಾರಚಿತ್ರ ಕಾನೂನಿನ ಕಣ್ಣಿಗೆ ತ್ರಿಬಲ್ ರೈಡಿಂಗ್. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ತಲೆಗೆ ಹೊಂದುವ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, 30 ಕಿಲೋ ತಡೆಯುವಂಥದ್ದು. ವೇಗ 40 ಕಿ.ಮೀ. ಮೀರಬಾರದು. ಮಕ್ಕಳ ಈ ನಿಯಮ ಜಾರಿಗೆ ಬಂದದ್ದು 2023ರ ಫೆಬ್ರವರಿಯಲ್ಲಿ. ಅದೇ ತಿಂಗಳು ಬೆಂಗಳೂರಿನವರೆಲ್ಲ ಬಾಕಿ ದಂಡಕ್ಕೆ ಸಿಕ್ಕಿದ ಶೇ 50ರ ರಿಯಾಯಿತಿಯ ಸಡಗರದಲ್ಲಿದ್ದೆವು. ಹಳೇ ತಪ್ಪಿಗೆ ಅರ್ಧ ಬೆಲೆ ಕಟ್ಟುವ ಭರದಲ್ಲಿ ಹೊಸ ನಿಯಮ ಯಾರ ಕಿವಿಗೆ ಬಿದ್ದೀತು?

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಂಜೆ ಆರಕ್ಕೆ 40 ಮೀರುವ ಪಾಪ ಮಾಡೋಣವೆಂದರೂ ಆಗದು, ಅದು ಬೇರೆ ಮಾತು. ಆದರೆ ಬೆಳಿಗ್ಗೆ ಶಾಲೆಯ ಹೊತ್ತಿಗೆ ಆರ್.ಟಿ. ನಗರದ ರಸ್ತೆಗಳಲ್ಲಿ ನಿಂತು ನೋಡಿ. ಸ್ಕೂಟರಿನ ಮುಂದಿನ ಜಾಗದಲ್ಲಿ ಮಗು ನಿಂತಿರುತ್ತದೆ. ಎರಡೂ ಕೈ ಕನ್ನಡಿಯ ಕಡ್ಡಿಗಳ ಮೇಲೆ, ಕಾಲ ಬಳಿ ಬ್ಯಾಗು, ಬಾಯಲ್ಲಿ ಅರ್ಧ ಬಿಸ್ಕತ್ತು. ಹೆಲ್ಮೆಟ್ ಇರುವುದು ಅಪ್ಪನಿಗೆ. ಬ್ರೇಕ್ ಹಾಕಿದಾಗಲೆಲ್ಲ ಮಗುವಿನ ಗಲ್ಲ ಸ್ಪೀಡೋಮೀಟರಿಗೆ ನಮಸ್ಕಾರ ಮಾಡುತ್ತದೆ. ದಂಡ ತಪ್ಪಿಸಿಕೊಳ್ಳುವುದರಲ್ಲಿ ನಾವು ಜಾಣರು, ಆದರೆ ಆ ಜಾಣತನವೆಲ್ಲ ದೊಡ್ಡ ತಲೆಗಳಿಗೇ ಮೀಸಲು.

ಪರೀಕ್ಷೆಯೂ ಈ ವಿಷಯದಲ್ಲಿ ಉದಾರಿ. ಶೇ 60 ಸರಿಯಿದ್ದರೆ ಪಾಸು. ಅಂದರೆ ಮಕ್ಕಳ ಪ್ರಶ್ನೆಗಳನ್ನು ತಪ್ಪು ಮಾಡಿಯೂ ಆರು ತಿಂಗಳ ಎಲ್‌ಎಲ್ ಪಡೆದು, ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಂಟಿಸಿಕೊಂಡು ನಮ್ಮ ಯಲಹಂಕದ ಕೆಎ-50 ನೋಂದಣಿಯ ಗಾಡಿ ಹೊರಡಿಸಬಹುದು. ನನ್ನನ್ನು ಕೇಳಿದರೆ ಈ ಒಂದು ವಿಷಯಕ್ಕೆ ನೂರಕ್ಕೆ ನೂರು ಬೇಕು.

ಕಾರಿನ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಂತೂ ಬೇಡವೇ ಬೇಡ, ನಮ್ಮನ್ನು ಕಾಯುವ ಏರ್‌ಬ್ಯಾಗೇ ಅಲ್ಲಿ ಮಗುವಿಗೆ ಗಂಡಾಂತರ. ಇನ್ನು ಹೆಲ್ಮೆಟ್ ಕೊಳ್ಳಲು ಹೊರಟವರು ದಯವಿಟ್ಟು ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ. ಮುಂದಿನ ವರ್ಷಕ್ಕೂ ಆಗಲಿ ಎಂದು ಯೂನಿಫಾರಂ ದೊಡ್ಡದು ತರಬಹುದು, ಹೆಲ್ಮೆಟ್ ತರಬಾರದು.