ಗೆದ್ದೆತ್ತಿನ ಬಾಲವನ್ನು ಮೊದಲೇ ಹಿಡಿಯುವ ವಿಧಾನ

(ದಿ ಓಪನ್ ಗಾಲ್ಫ್ ಪಂದ್ಯಾವಳಿಯ ವಿಜೇತನನ್ನು ಬುಧವಾರ ರಾತ್ರಿಯೇ ಗುರುತಿಸಲು ಬಳಕೆದಾರರ ಕೈಪಿಡಿ)

ಬಳಸುವ ಮುನ್ನ ಓದಿ

ನಮ್ಮ ವಿಧಾನವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ಎತ್ತು ಗೆದ್ದ ಮೇಲೆ ಬಾಲ ಹಿಡಿಯಲು ಯಾರಿಗೂ ಕೈಪಿಡಿ ಬೇಕಿಲ್ಲ. ಓಟಕ್ಕೆ ಮುಂಚೆಯೇ, ಅದೂ 156 ಬಾಲಗಳ ನಡುವೆ ಸರಿಯಾದ ಒಂದನ್ನು ಹಿಡಿಯುವವರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ.

ದಿ ಓಪನ್ ಗಾಲ್ಫಿನ ಅತ್ಯಂತ ಹಳೆಯ ಮೇಜರ್, ಅಂದರೆ ಅತಿ ದೊಡ್ಡ ಪಂದ್ಯಾವಳಿಗಳಲ್ಲೊಂದು. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಮೊದಲ ಸಲ ನಡೆದಾಗ ಆಡಿದವರು ಎಂಟೇ ಜನ. ವಿಲ್ಲಿ ಪಾರ್ಕ್ ಗೆದ್ದರು, ಟಾಮ್ ಮಾರಿಸ್ ಎರಡನೆಯವರಾದರು. ಅಂದು ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಎಂಟಕ್ಕೊಂದು ಸಲ ಸರಿಹೋಗುತ್ತಿತ್ತು. ಈಗ 156 ಜನ, ನಾಲ್ಕು ದಿನ, 72 ಹೋಲ್. ಎರಡು ದಿನ ಮುಗಿದ ಮೇಲೆ ಮೊದಲ 70 ಸ್ಥಾನದವರು ಮತ್ತು ಅವರಿಗೆ ಸಮನಾದವರು ಮಾತ್ರ ಉಳಿಯುತ್ತಾರೆ, ಇದಕ್ಕೆ 'ಕಟ್' ಎಂದು ಹೆಸರು. ರೇಸ್ ಪುಸ್ತಕದಲ್ಲಿ ಹತ್ತು ಹನ್ನೆರಡು ಕುದುರೆಗಳ ಫಾರ್ಮ್ ಓದಿ ಪಳಗಿದ ಬೆಂಗಳೂರಿನ ಪಂಟರನಿಗೂ ಇದು ಹೊಸ ವಿದ್ಯೆ. ಇಲ್ಲಿಯ ಕುದುರೆಗಳು ಒಂದೇ ಹೊತ್ತಿಗೆ ಓಡುವುದಿಲ್ಲ, ಒಂದೇ ಗಾಳಿಯಲ್ಲೂ ಓಡುವುದಿಲ್ಲ.

ಎಚ್ಚರಿಕೆ: ಬ್ರಿಟನ್ನಿನಲ್ಲಿ 1961ರಿಂದ ಬೆಟ್ಟಿಂಗ್ ಅಂಗಡಿಗಳು ಕಾನೂನುಬದ್ಧವಾಗಿ ಪೇಟೆಬೀದಿಯಲ್ಲೇ ಬಾಗಿಲು ತೆರೆದು ಕೂತಿವೆ. ಈ ಕೈಪಿಡಿ ಅಲ್ಲಿಗೆಂದೇ ತಯಾರಾದದ್ದು. ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದ್ದರಿಂದ ಇಲ್ಲಿಯ ಓದುಗರು ಇದನ್ನು ಬಾಯಿಮಾತಿನ ಪಣಕ್ಕಷ್ಟೇ ಬಳಸತಕ್ಕದ್ದು. ಭವಿಷ್ಯ ಅಷ್ಟೇ ತಪ್ಪುತ್ತದೆ, ಜೇಬು ಮಾತ್ರ ಉಳಿಯುತ್ತದೆ.

ಬೇಕಾಗುವ ಸಾಮಗ್ರಿ: ವಿಶ್ವ ಶ್ರೇಯಾಂಕದ ಪಟ್ಟಿ, ಕಳೆದ ಆರು ವಾರಗಳ ಫಲಿತಾಂಶ, ಹವಾಮಾನ ವರದಿ, ಯಾರು ಎಷ್ಟು ಹೊತ್ತಿಗೆ ಆಟ ಶುರುಮಾಡುತ್ತಾರೆಂಬ ವೇಳಾಪಟ್ಟಿ, ಮತ್ತು ಹಿಂದಿನ ವರ್ಷ ಏನು ಹೇಳಿದ್ದಿರಿ ಎಂಬುದನ್ನು ಮರೆಯುವ ಶಕ್ತಿ.

ಹಂತ 1: ಫೇವರಿಟ್‌ಗೆ ನಮಸ್ಕರಿಸಿ

ಪಟ್ಟಿಯ ತಲೆಯಲ್ಲಿರುವ ಹೆಸರನ್ನು ನೋಡಿ. ಅವನ ದರ 5-1 ಎಂದಿಟ್ಟುಕೊಳ್ಳಿ. ಅಂದರೆ ಬುಕ್ಕಿಯ ಲೆಕ್ಕದಲ್ಲೇ ಅವನು ಗೆಲ್ಲುವುದು ಆರರಲ್ಲಿ ಒಂದು ಸಲ. ಜಗತ್ತಿನ ಅತ್ಯುತ್ತಮ ಆಟಗಾರ ಆರರಲ್ಲಿ ಐದು ಸಲ ಸೋಲುತ್ತಾನೆಂದು ಅಂಗಡಿಯವನೇ ಬರೆದು ಗೋಡೆಗೆ ಅಂಟಿಸಿದ್ದಾನೆ. ಅದನ್ನು ಓದಿಯೂ ಓದದಂತೆ ಮುಂದೆ ಸಾಗಿ.

ಆರನೆಯ ಸಲವೂ ಒಮ್ಮೊಮ್ಮೆ ಬರುತ್ತದೆ, ಅಪಾಯವಿರುವುದು ಅಲ್ಲೇ. 2025ರಲ್ಲಿ ಪೋರ್ಟ್‌ರಶ್‌ನಲ್ಲಿ ವಿಶ್ವದ ನಂಬರ್ ಒನ್ ಸ್ಕಾಟಿ ಶೆಫ್ಲರ್ ನಾಲ್ಕು ಹೊಡೆತಗಳ ಅಂತರದಲ್ಲಿ ಗೆದ್ದರು. ಅಂಥ ವರ್ಷದ ಮರುವರ್ಷ ಈ ಕೈಪಿಡಿಯ ಬೇಡಿಕೆ ಹೆಚ್ಚುತ್ತದೆ.

ಹಂತ 2: ಅಂಗಳದ ಋಣ ನೋಡಿ

ಓಪನ್ ಒಂದೇ ಕಡೆ ನಡೆಯುವುದಿಲ್ಲ. ಸಮುದ್ರದ ದಂಡೆಯ ಕೆಲವು ಲಿಂಕ್ಸ್ ಮೈದಾನಗಳ ನಡುವೆ ಸರದಿಯಲ್ಲಿ ಸುತ್ತುತ್ತದೆ. ಆ ವರ್ಷದ ಮೈದಾನದಲ್ಲಿ ಹಿಂದೆ ಚೆನ್ನಾಗಿ ಆಡಿದವರು ಯಾರೆಂದು ಹುಡುಕಿ.

ಮಾದರಿಗೆ: ಉತ್ತರ ಐರ್ಲೆಂಡಿನ ರೋರಿ ಮೆಕ್‌ಇಲ್‌ರಾಯ್ ಹದಿನಾರನೆಯ ವಯಸ್ಸಿಗೇ ರಾಯಲ್ ಪೋರ್ಟ್‌ರಶ್‌ನಲ್ಲಿ 61 ಹೊಡೆತಗಳ ದಾಖಲೆ ಬರೆದವರು. 2019ರಲ್ಲಿ ಓಪನ್ ಅದೇ ಮೈದಾನಕ್ಕೆ ಬಂತು. ಊರ ಹುಡುಗ, ದಾಖಲೆಯ ಒಡೆಯ, ಬುಕ್ಕಿಗಳ ಫೇವರಿಟ್. ಗುರುವಾರದ ಮೊದಲ ಹೊಡೆತವೇ ಗಡಿ ದಾಟಿ ಹೋಯಿತು. ಮೊದಲ ಹೋಲ್‌ಗೆ ಎಂಟು ಹೊಡೆತ, ದಿನದ ಲೆಕ್ಕ 79. ಶುಕ್ರವಾರ 65 ಹೊಡೆದರೂ ಒಂದೇ ಒಂದು ಹೊಡೆತದಿಂದ ಕಟ್ ತಪ್ಪಿತು. ಗೆದ್ದದ್ದು ಐರ್ಲೆಂಡಿನ ಶೇನ್ ಲೌರಿ, ಆರು ಹೊಡೆತಗಳ ಅಂತರದಲ್ಲಿ. ಅದಕ್ಕೆ ಹಿಂದಿನ ನಾಲ್ಕು ಓಪನ್‌ಗಳಲ್ಲಿ ಲೌರಿ ವಾರಾಂತ್ಯಕ್ಕೇ ಉಳಿದಿರಲಿಲ್ಲ.

ಈ ಹಂತ ಕೆಲಸ ಮಾಡದಿದ್ದರೆ ಗಾಬರಿಯಾಗಬೇಡಿ. ಮುಂದಿನ ಹಂತ ಇದಕ್ಕೆ ತದ್ವಿರುದ್ಧವಾಗಿದೆ.

ಹಂತ 3: ಇತ್ತೀಚಿನ ಫಾರ್ಮ್ ಅಳೆಯಿರಿ

ಹಿಂದಿನ ವಾರದ ಸ್ಕಾಟಿಷ್ ಓಪನ್‌ನ ಫಲಿತಾಂಶ ತೆರೆಯಿರಿ. 2013ರಲ್ಲಿ ಫಿಲ್ ಮಿಕಲ್ಸನ್ ಅದನ್ನು ಗೆದ್ದು, ಮರುವಾರವೇ ಮ್ಯೂರ್‌ಫೀಲ್ಡ್‌ನಲ್ಲಿ ಓಪನ್ನನ್ನೂ ಗೆದ್ದರು. ಫಾರ್ಮ್‌ನಲ್ಲಿರುವವನನ್ನೇ ಹಿಡಿಯಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೇಕೆಂದರೆ ಫಾರ್ಮ್‌ನಲ್ಲಿಲ್ಲದವನ ಪರವಾಗಿಯೂ ಸಾಕ್ಷಿಯಿದೆ: ಅಮೆರಿಕದ ಬ್ರಯಾನ್ ಹಾರ್ಮನ್ 2017ರ ನಂತರ ಅಮೆರಿಕದ ಟೂರ್‌ನಲ್ಲಿ ಒಂದೂ ಪ್ರಶಸ್ತಿ ಗೆದ್ದಿರಲಿಲ್ಲ. 2023ರಲ್ಲಿ ಹೊಯ್‌ಲೇಕ್‌ಗೆ ಬಂದು ಓಪನ್ ಗೆದ್ದರು, ಅಂತರ ಮತ್ತೆ ಆರು ಹೊಡೆತ.

ಹೀಗಾಗಿ ಟಿಪ್ಸ್ ಬರೆಯುವವರು ಕೆಳಗಿನ ಪರಿವರ್ತನಾ ಸೂತ್ರವನ್ನು ಬಾಯಿಪಾಠ ಮಾಡಿಕೊಳ್ಳಬೇಕು:

ಕಳೆದ ವಾರ ಗೆದ್ದಿದ್ದರೆ: "ಲಯ ಕಂಡುಕೊಂಡಿದ್ದಾನೆ."
ಕಳೆದ ವಾರ ಸೋತಿದ್ದರೆ: "ಗೆಲುವಿಗೆ ಹಸಿದಿದ್ದಾನೆ."
ಕಳೆದ ವಾರ ಆಡಿರದಿದ್ದರೆ: "ದಣಿವಾರಿಸಿಕೊಂಡು ಬಂದಿದ್ದಾನೆ."
ಬೆನ್ನುನೋವಿದ್ದರೆ: "ನೋವಿರುವಾಗ ಒತ್ತಡ ಮರೆತು ಆಡುತ್ತಾನೆ."

ಹಂತ 4: ಅಂಕಿಅಂಶ ಸವರಿ

ಬರಿಯ ಮಾತು ಜಾಳಾಗಿ ಕಂಡರೆ ಮೇಲೊಂದು ಪದರ ಗಣಿತ ಬಳಿಯಿರಿ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ರೂಪಿಸಿದ 'ಸ್ಟ್ರೋಕ್ಸ್ ಗೇನ್ಡ್' ಎಂಬ ಅಳತೆಯನ್ನು ಪಿಜಿಎ ಟೂರ್ 2011ರಲ್ಲಿ ಪಟಿಂಗ್‌ಗೆ ಬಳಸತೊಡಗಿತು. ಒಳ್ಳೆಯ ಅಳತೆ, ಅರ್ಥವಾಗುವಂಥದ್ದು ಕೂಡ. ಎಂಟು ಅಡಿ ದೂರದಿಂದ ವೃತ್ತಿಪರರು ಸುಮಾರು ಅರ್ಧದಷ್ಟು ಸಲ ಒಂದೇ ಪಟ್‌ನಲ್ಲಿ ಚೆಂಡನ್ನು ಕುಳಿಗೆ ಬೀಳಿಸುತ್ತಾರೆ, ಉಳಿದರ್ಧ ಸಲ ಎರಡು ಬೇಕು. ಸರಾಸರಿ ಒಂದೂವರೆ. ನೀವು ಒಂದರಲ್ಲಿ ಮುಗಿಸಿದರೆ ಅರ್ಧ ಹೊಡೆತ ಲಾಭ, ಎರಡು ತೆಗೆದುಕೊಂಡರೆ ಅರ್ಧ ಹೊಡೆತ ನಷ್ಟ. ಹೀಗೆ ಪ್ರತಿಯೊಂದು ಹೊಡೆತಕ್ಕೂ ಜಮಾ ಖರ್ಚು ಬರೆಯಬಹುದು.

ಆದರೆ ಈ ಖಾತೆಪುಸ್ತಕದ ಬಹುಪಾಲು ಪುಟಗಳು ತುಂಬಿರುವುದು ಅಮೆರಿಕದ ಮೆತ್ತನೆಯ ಹಸಿರು ಮೈದಾನಗಳಲ್ಲಿ. ಅಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ. ಲಿಂಕ್ಸ್‌ನ ಗಟ್ಟಿ ಮರಳುನೆಲದಲ್ಲಿ ಬಿದ್ದ ಚೆಂಡು ಕುಪ್ಪಳಿಸಿ, ಉರುಳಿ, ಯಾವುದೋ ಉಬ್ಬಿಗೆ ತಾಗಿ, ಆಳುದ್ದದ ಮರಳುಗುಂಡಿಯಾದ ಬಂಕರ್‌ಗೆ ಇಳಿಯುತ್ತದೆ. ಆ ಉಬ್ಬಿಗೆ ಖಾತೆಯಲ್ಲಿ ಕಾಲಂ ಇಲ್ಲ. ಓದುಗರಿಗೆ ಇದನ್ನು ತಿಳಿಸುವ ಅಗತ್ಯವಿಲ್ಲ. ದಶಮಾಂಶದ ಎರಡು ಸ್ಥಾನಗಳವರೆಗೆ ಬರೆದರೆ ಸಾಕು.

ಹಂತ 5: ಗಾಳಿ ಬಂದಾಗ ತೂರಿಕೊಳ್ಳಿ

ಗಾದೆ ಸುಲಭ. ಗಾಳಿ ಯಾವಾಗ ಬರುತ್ತದೆ ಎಂಬುದಷ್ಟೇ ತೊಡಕು. ಓಪನ್‌ನ ಮೊದಲೆರಡು ದಿನ ಆಟ ಬೆಳಿಗ್ಗೆ ಆರೂವರೆಯ ಸುಮಾರಿಗೆ ಶುರುವಾಗುತ್ತದೆ. ಕೊನೆಯ ಗುಂಪು ಹೊರಡುವುದು ಸಂಜೆ ನಾಲ್ಕರ ಹೊತ್ತಿಗೆ. ಗುರುವಾರ ಬೆಳಿಗ್ಗೆ ಆಡಿದವರಿಗೆ ಶುಕ್ರವಾರ ಮಧ್ಯಾಹ್ನದ ಸರದಿ, ಉಳಿದವರಿಗೆ ಇದರ ತಿರುವುಮುರುವು. ಅರ್ಧ ಜನರಿಗೆ ತಂಗಾಳಿ, ಇನ್ನರ್ಧಕ್ಕೆ ಬಿರುಗಾಳಿ ಸಿಕ್ಕರೆ ಪಂದ್ಯಾವಳಿಯೇ ಎರಡಾಗಿ ಸೀಳಿಹೋಗುತ್ತದೆ.

2010ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಮೆಕ್‌ಇಲ್‌ರಾಯ್ ಗುರುವಾರ 63 ಹೊಡೆದರು. ಶುಕ್ರವಾರ ಅವರ ಸರದಿ ಬರುವಷ್ಟರಲ್ಲಿ ಗಾಳಿ ಎದ್ದು ಆಟವನ್ನೇ ಕೆಲಹೊತ್ತು ನಿಲ್ಲಿಸಬೇಕಾಯಿತು. ಅವರ ಲೆಕ್ಕ 80. ಅದೇ ದಿನ ಬೆಳಿಗ್ಗೆ ಬೇಗ ಆಡಿ ಮುಗಿಸಿದ್ದ ದಕ್ಷಿಣ ಆಫ್ರಿಕಾದ ಲೂಯಿ ಊಸ್ಟ್‌ಹೈಜನ್ 67 ಹೊಡೆದಿದ್ದರು. ಭಾನುವಾರ ಏಳು ಹೊಡೆತಗಳ ಅಂತರದಲ್ಲಿ ಕಪ್ ಅವರದಾಯಿತು.

ಮೇಲಿನ ನಾಲ್ಕೂ ಹಂತಗಳಲ್ಲಿ ಪೂರ್ಣ ಅಂಕ ಪಡೆದವನನ್ನೂ ಗಾಳಿ ಬಿಡುವುದಿಲ್ಲ. 2002ರಲ್ಲಿ ಟೈಗರ್ ವುಡ್ಸ್ ಮಾಸ್ಟರ್ಸ್, ಯುಎಸ್ ಓಪನ್ ಎರಡನ್ನೂ ಗೆದ್ದು ಮ್ಯೂರ್‌ಫೀಲ್ಡ್‌ಗೆ ಬಂದಿದ್ದರು. ಶನಿವಾರದ ಮಳೆಗಾಳಿಯಲ್ಲಿ 81, ಭಾನುವಾರ 65. ಒಂದೇ ಮೈದಾನ, ಒಬ್ಬನೇ ಮನುಷ್ಯ, ನಡುವೆ ಒಂದು ರಾತ್ರಿ. ಈ ಎರಡರಲ್ಲಿ ಯಾವುದು ಟೈಗರ್‌ನ 'ಫಾರ್ಮ್' ಎಂದು ನಿರ್ಧರಿಸಿದ ಬಳಿಕವೇ ಆರನೆಯ ಹಂತಕ್ಕೆ ಹೋಗಿ.

ಹಂತ 6: ಈಚ್-ವೇ ಕಟ್ಟಿ

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರಿಗಾಗಿ ಬ್ರಿಟಿಷರು ಮಾಡಿಟ್ಟ ಏರ್ಪಾಡಿದು. ಅರ್ಧ ಹಣ ಗೆಲುವಿನ ಮೇಲೆ, ಇನ್ನರ್ಧ 'ಮೊದಲ ಇಷ್ಟು ಜನರೊಳಗೆ ಬರುತ್ತಾನೆ' ಎಂಬುದರ ಮೇಲೆ. ಎರಡನೆಯದಕ್ಕೆ ಸಿಗುವುದು ಸಾಮಾನ್ಯವಾಗಿ ದರದ ಐದರಲ್ಲಿ ಒಂದು ಭಾಗ.

ಲೆಕ್ಕ ಹೀಗೆ. 2023ರಲ್ಲಿ ನಮ್ಮ ಶುಭಂಕರ್ ಶರ್ಮಾ ಹೊಯ್‌ಲೇಕ್‌ನಲ್ಲಿ ಎಂಟನೆಯ ಸ್ಥಾನ ಹಂಚಿಕೊಂಡರು. ಓಪನ್‌ನಲ್ಲಿ ಭಾರತೀಯನೊಬ್ಬ ಅಷ್ಟು ಮೇಲೆ ಹೋದದ್ದು ಅದೇ ಮೊದಲು. ಅವರ ದರ 200-1, ಬುಕ್ಕಿ ಎಂಟು ಸ್ಥಾನಕ್ಕೆ ಹಣ ಕೊಡುವವನು, ನೀವು ಕಟ್ಟಿದ್ದು ಗೆಲುವಿಗೊಂದು, ಸ್ಥಾನಕ್ಕೊಂದು, ಒಟ್ಟು ಎರಡು ಪೌಂಡ್ ಎಂದು ಊಹಿಸಿ. ಗೆಲುವಿನ ಪೌಂಡ್ ಹೋಯಿತು. ಸ್ಥಾನದ ಪೌಂಡಿಗೆ 40-1ರಂತೆ, ಕಟ್ಟಿದ್ದೂ ಸೇರಿ, 41 ಪೌಂಡ್ ಬರಬೇಕಲ್ಲ? ಇಲ್ಲ. ಎಂಟನೆಯ ಸ್ಥಾನದಲ್ಲಿ ಅವರ ಜೊತೆ ಕ್ಯಾಮರಾನ್ ಯಂಗ್ ಕೂಡ ಇದ್ದಾರೆ. ಒಂದು ಸ್ಥಾನಕ್ಕೆ ಇಬ್ಬರು, ಆದ್ದರಿಂದ ನಿಮ್ಮ ಪಣ ಅರ್ಧವೆಂದು ಪರಿಗಣಿಸಲಾಗುತ್ತದೆ. ಕೈಗೆ ಬರುವುದು 20 ಪೌಂಡ್ 50 ಪೆನ್ಸ್. ಇದಕ್ಕೆ 'ಡೆಡ್ ಹೀಟ್' ನಿಯಮವೆನ್ನುತ್ತಾರೆ. ಗೆದ್ದು ಹೊರಬರುವಾಗಲೂ ಮೋಸಹೋದ ಮುಖ ಮಾಡಿಸುವ ನಿಯಮ ಜೂಜಿನಲ್ಲಿ ಇದೊಂದೇ ಇರಬೇಕು.

ಹಂತ 7: ಆಟ ನಡೆಯುವಾಗ ಕೈ ಕಟ್ಟಿಕೊಳ್ಳಿ

ಭಾನುವಾರ ಸಂಜೆ ಒಬ್ಬ ಮೂರು ಹೊಡೆತ ಮುಂದಿದ್ದಾನೆ, ಉಳಿದಿರುವುದು ಒಂದೇ ಹೋಲ್. ಈಗ ಕಟ್ಟಿದರೆ ಬರುವುದು ಚಿಲ್ಲರೆ, ಆದರೆ ಖಚಿತ ಚಿಲ್ಲರೆ. ಹೀಗೆ ಅನ್ನಿಸಿದ ಕೂಡಲೇ 1999ರ ಕಾರ್ನೂಸ್ಟಿಯನ್ನು ಧ್ಯಾನಿಸಿ. ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್‌ಗೆ ಕೊನೆಯ ಹೋಲ್‌ನಲ್ಲಿ ಆರು ಹೊಡೆತ ಸಾಕಿತ್ತು. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಹಿಂದಕ್ಕೆ ಚಿಮ್ಮಿತು, ಹುಲ್ಲಿನಲ್ಲಿ ಹುದುಗಿತು, ಬ್ಯಾರಿ ಬರ್ನ್ ಎಂಬ ತೊರೆಗೆ ಬಿತ್ತು. ಅವರು ಬೂಟು ಕಾಲುಚೀಲ ಕಳಚಿ ನೀರಿಗಿಳಿದು ನಿಂತರು, ಮನಸ್ಸು ಬದಲಿಸಿ ಮೇಲೆ ಬಂದರು, ಬಂಕರ್‌ಗೆ ಹೊಡೆದರು, ಕೊನೆಗೆ ಏಳರಲ್ಲಿ ಮುಗಿಸಿದರು. ಸಮನಾದ ಮೂವರ ನಡುವಿನ ಪ್ಲೇಆಫ್ ಗೆದ್ದದ್ದು ಆ ದಿನ ಬೆಳಿಗ್ಗೆ ಹತ್ತು ಹೊಡೆತ ಹಿಂದಿದ್ದ ಪಾಲ್ ಲೌರಿ.

2003ರಲ್ಲಿ ಸ್ಯಾಂಡ್‌ವಿಚ್‌ನಲ್ಲಿ ಮುಂದಿದ್ದ ಥಾಮಸ್ ಬ್ಯೋರ್ನ್ 16ನೇ ಹೋಲ್‌ನ ಬಂಕರ್‌ನಿಂದ ಎರಡು ಸಲ ಹೊಡೆದರು. ಚೆಂಡು ಎರಡು ಸಲವೂ ಉರುಳಿ ಕಾಲಬುಡಕ್ಕೇ ಮರಳಿತು. ಗೆದ್ದ ಬೆನ್ ಕರ್ಟಿಸ್ ಆಗ ವಿಶ್ವದಲ್ಲಿ 396ನೆಯವರು, ಆಡುತ್ತಿದ್ದುದು ಜೀವನದ ಮೊದಲ ಮೇಜರ್. ಒಂದರಿಂದ ಐದರವರೆಗಿನ ಹಂತಗಳನ್ನು ಎಷ್ಟೇ ನಿಷ್ಠೆಯಿಂದ ಪಾಲಿಸಿದ್ದರೂ ಆ ಹೆಸರಿಗೆ ಬರುವುದು ಸಾಧ್ಯವಿರಲಿಲ್ಲ.

ದೋಷ ನಿವಾರಣೆ

ನಾನು ಹಿಡಿದವನು ಕಟ್ ದಾಟಲಿಲ್ಲ. — ಆಯ್ಕೆ ಸರಿಯಿತ್ತು, ಪಟಿಂಗ್ ಕೈಕೊಟ್ಟಿತು ಎನ್ನಿ.

ನಾನು ಬೇಡವೆಂದವನೇ ಗೆದ್ದ. — 'ಆತನ ಮೇಲೆ ಮೊದಲಿಂದಲೂ ಒಂದು ಕಣ್ಣಿತ್ತು' ಎನ್ನಿ.

ನಾನು ಹೇಳಿದವನೇ ಗೆದ್ದ. — ಇದು ಉಪಕರಣದ ಅತಿ ಗಂಭೀರ ದೋಷ. ಇದಾದ ಮೇಲೆ ಬಳಕೆದಾರನಿಗೆ ತನಗೆ ಗಾಲ್ಫ್ ತಿಳಿಯುತ್ತದೆಂಬ ನಂಬಿಕೆ ಹುಟ್ಟುತ್ತದೆ. ದುರಸ್ತಿಗೆ ಹಲವು ವರ್ಷ ಹಿಡಿಯುತ್ತದೆ, ಖರ್ಚು ಬಳಕೆದಾರನದೇ.

ಖಾತರಿ

ಈ ವಿಧಾನಕ್ಕೆ ಖಾತರಿ ಇದೆ, ಆದರೆ ನಿಮಗಲ್ಲ. ಇಬ್ಬರು ಸಮಬಲರು ಪ್ಲೇಆಫ್‌ಗೆ ನಿಂತರೆ ನ್ಯಾಯದ ದರ 1-1. ಬುಕ್ಕಿ ಇಬ್ಬರಿಗೂ ಕೊಡುವುದು 10-11. ಆ ದರವನ್ನು ಶೇಕಡಾಕ್ಕೆ ತಿರುಗಿಸಿ ಕೂಡಿಸಿ: ನೂರಾಗಬೇಕಾದದ್ದು ಸುಮಾರು 105 ಆಗುತ್ತದೆ. ಆ ಐದು ಅವನ ಕೂಲಿ. ಇಬ್ಬರ ಬದಲು 156 ಹೆಸರಿದ್ದಾಗ ಒಂದೊಂದರಿಂದಲೂ ಚಿಟಿಕೆಯಷ್ಟು ತೆಗೆಯುತ್ತಾ ಹೋದರೆ ನೂರರ ಮೇಲಿನ ಮೊತ್ತ ಇನ್ನೂ ದೊಡ್ಡದು, ಯಾರ ಕಣ್ಣಿಗೂ ಬೀಳದಷ್ಟು ಹರಡಿಕೊಂಡದ್ದು.

ಗಾಲ್ಫ್ ಪಂಡಿತರು, ಮಾಜಿ ಆಟಗಾರರು, ಟಿಪ್ಸ್ ಬರೆಯುವವರು, ಈ ಕೈಪಿಡಿಯ ಲೇಖಕರು ಎಲ್ಲರೂ ಬುಧವಾರ ಒಂದೊಂದು ಹೆಸರು ಹೇಳುತ್ತಾರೆ. ಹೇಳದವನು ಬುಕ್ಕಿ ಒಬ್ಬನೇ. ಅವನು 156 ಹೆಸರನ್ನೂ ಬರೆದು, ಪ್ರತಿಯೊಂದರ ಮುಂದೆ ಬೆಲೆ ನಮೂದಿಸಿ, ಯಾರು ಬೇಕೋ ನೀವೇ ಆರಿಸಿಕೊಳ್ಳಿ ಎಂದು ಸೌಜನ್ಯದಿಂದ ಕೇಳುತ್ತಾನೆ. ಗಾಳಿ ಯಾವ ದಿಕ್ಕಿಗೆ ಬೀಸಿದರೂ ಅವನ ಫಾರ್ಮ್ ಕೆಡುವುದಿಲ್ಲ. ಹಾಗಾಗಿ ಪ್ರತಿ ವರ್ಷವೂ ತಪ್ಪದೆ ಗೆಲ್ಲುವವನ ಹೆಸರೇ ಬೇಕಿದ್ದರೆ ಅಂಗಡಿಯ ಬೋರ್ಡ್ ಓದಿ. ಅವನ ಮೇಲೆ ಪಣ ಕಟ್ಟುವ ಸೌಲಭ್ಯವನ್ನು ಮಾತ್ರ ಆ ಅಂಗಡಿ ಒದಗಿಸುವುದಿಲ್ಲ.