ವಿಕ್ರಯಪೂರ್ವ ಗೃಹಾಲಂಕಾರ ಮೀಮಾಂಸೆ: ರಾಯಲ್ಪಾಡು ಹೋಬಳಿಯನ್ನು ಅನುಲಕ್ಷಿಸಿ

1. ಪ್ರಸ್ತಾವನೆ

ಮಾರುವ ಮನೆಗೆ ಸುಣ್ಣ ಬಳಿಯುವುದು ಲೋಕರೂಢಿ. ಆದರೆ ಯಾವ ಗೋಡೆಗೆ ಒಂದು ಸಲ, ಯಾವ ಗೋಡೆಗೆ ಎರಡು ಸಲ, ಯಾವ ಗೋಡೆಯ ಮುಂದೆ ಬೀರು ನಿಲ್ಲಿಸಿ ಸುಣ್ಣವನ್ನೇ ಉಳಿಸಬೇಕು ಎಂದು ತಿಳಿಸುವ ಲಕ್ಷಣಗ್ರಂಥ ಕನ್ನಡದಲ್ಲಿಲ್ಲ. ಕಾವ್ಯಕ್ಕೆ ಆ ಭಾಗ್ಯ ಒಂಬತ್ತನೆಯ ಶತಮಾನದಲ್ಲೇ, ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ದಿಂದ ಒದಗಿತು. ಮನೆಗಳು ಇಂದಿಗೂ ಕಾಯುತ್ತಿವೆ. ಆ ಕೊರತೆಯನ್ನು ನೀಗಿಸುವ, ಯಾರೂ ಕೇಳದ ಪ್ರಯತ್ನವಿದು.

2. ಕ್ಷೇತ್ರನಿರ್ಣಯ

ಕವಿರಾಜಮಾರ್ಗಕಾರ ಕನ್ನಡನಾಡಿನ ಎಲ್ಲೆ ಹೇಳುವಾಗ ಕಾವೇರಿ, ಗೋದಾವರಿಗಳೆರಡನ್ನೇ ಹೆಸರಿಸಿ ಕೈತೊಳೆದುಕೊಂಡ. ಪೂರ್ವ ಪಶ್ಚಿಮಗಳಿಲ್ಲದ ಇಂಥ ಚಕ್ಕುಬಂದಿಯನ್ನು ಇಂದು ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯೂ ಒಪ್ಪದು. ಅದಕ್ಕೇ ನಮ್ಮ ಕ್ಷೇತ್ರದ ಚಕ್ಕುಬಂದಿಯನ್ನು ಪೂರ್ತಿ ಕೊಡುತ್ತೇವೆ: ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿ; ಪೂರ್ವಕ್ಕೂ ಉತ್ತರಕ್ಕೂ ಆಂಧ್ರ, ದಕ್ಷಿಣಕ್ಕೆ ಶ್ರೀನಿವಾಸಪುರದ ಮಾವಿನ ತೋಪು, ಪಶ್ಚಿಮಕ್ಕೆ ಚಿಂತಾಮಣಿ ಸೀಮೆ, ಮೇಲಕ್ಕೆ ಬಾರದ ಮಳೆ, ಕೆಳಕ್ಕೆ ಸಾವಿರ ಅಡಿ ದಾಟಿದ ಬೋರ್‌ವೆಲ್.

ಇಲ್ಲಿ ಮನೆ ತೋರಿಸುವುದು, ಚೌಕಾಸಿ, ಜಗಳ, ರಾಜಿ ಎಲ್ಲವೂ ಬಹುಮಟ್ಟಿಗೆ ತೆಲುಗಿನಲ್ಲಿ. ಕ್ರಯಪತ್ರ ಮಾತ್ರ ಕನ್ನಡದಲ್ಲಿ. ಹೀಗಾಗಿ ತೆಲುಗಿನಲ್ಲಿ ಹೊಗಳಿಸಿಕೊಂಡ ಮನೆ ಪತ್ರಕ್ಕೆ ಇಳಿಯುವ ಹೊತ್ತಿಗೆ ಬರೀ ಉದ್ದಗಲವಾಗಿರುತ್ತದೆ. ಗಡಿನಾಡಿನ ದ್ವಿಭಾಷಾ ಪರಂಪರೆಯಿಂದ ಮಾರುವವನಿಗೆ ಆಗಿರುವ ಈ ಉಪಕಾರವನ್ನು ಭಾಷಾವಿಜ್ಞಾನಿಗಳು ಗಮನಿಸಿದಂತಿಲ್ಲ.

3. ಪೂರ್ವಾಚಾರ್ಯರು

ಆದ್ಯ ಆಚಾರ್ಯ ಕೌಟಿಲ್ಯ. ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಆತ ಮನೆ ಮಾರುವ ಕ್ರಮ ವಿಧಿಸಿದ್ದಾನೆ. ಕೊಳ್ಳುವ ಹಕ್ಕು ಮೊದಲು ದಾಯಾದಿಗಳಿಗೆ, ಅನಂತರ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಹೊರಗಿನವರ ಸರದಿ ಕೊನೆಗೆ. ಮನೆಯ ಮುಂದೆ, ನೆರೆಯ ನಲವತ್ತು ಕುಟುಂಬಗಳ ಎದುರಿಗೆ, ಬೆಲೆಯನ್ನು ಮೂರು ಸಲ ಸಾರಬೇಕು. ಪೈಪೋಟಿಯಿಂದ ಬೆಲೆ ಏರಿದರೆ ಏರಿದಷ್ಟೂ ಸುಂಕದ ಸಮೇತ ರಾಜನ ಬೊಕ್ಕಸಕ್ಕೆ! ಮೌರ್ಯರ ಕಾಲದಲ್ಲಿ ಮನೆಯನ್ನು ಸಿಂಗರಿಸಿ ಮಾರಿದ ಉಲ್ಲೇಖ ಏಕೆ ಸಿಗುವುದಿಲ್ಲವೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ರಾಯಲ್ಪಾಡಿನಲ್ಲಿ ಈ ವಿಧಿಯ ಅರ್ಧಭಾಗ ಈಗಲೂ ಜೀವಂತ: ನಲವತ್ತು ಮನೆಗಳಿಗೆ ಸುದ್ದಿ ಮುಟ್ಟುತ್ತದೆ, ಸಾರುವ ಅಗತ್ಯವಿಲ್ಲ. ಮಾಲೀಕ ಮನಸ್ಸು ಮಾಡುವುದಕ್ಕೆ ಮುಂಚೆಯೇ ಟೀ ಅಂಗಡಿಯಲ್ಲಿ ರೇಟು ತೀರ್ಮಾನವಾಗಿರುತ್ತದೆ.

ಎರಡನೆಯ ಆಚಾರ್ಯೆ ಅಮೆರಿಕದ ಬಾರ್ಬ್ ಶ್ವಾರ್ಜ್. 1970ರ ದಶಕದಲ್ಲಿ ಸಿಯಾಟಲ್ ಕಡೆ ಮನೆಗಳನ್ನು ಮಾರುತ್ತಿದ್ದ ಈಕೆ, ಮಾರುವ ಮನೆ ರಂಗಮಂಚದಂತೆ ಸಜ್ಜಾಗಬೇಕು ಎಂಬ ಪಂಥ ಸ್ಥಾಪಿಸಿದರು. ಆ ಪಂಥದ ವಿಧಿಗಳು: ಸಾಮಾನು ಇಳಿಸು, ಬೆಳಕು ಏರಿಸು, ಅಡುಗೆಮನೆಯಿಂದ ಒಳ್ಳೆಯ ವಾಸನೆ ಬರಿಸು, ಗೋಡೆಯ ಮೇಲಿನ ಮನೆಮಂದಿಯ ಫೋಟೋ ತೆಗೆ. ಕೊನೆಯ ವಿಧಿಗೆ ಆರನೆಯ ಪ್ರಕರಣದಲ್ಲಿ ಖಂಡನೆಯಿದೆ.

4. ಅಲಂಕಾರ ಪ್ರಕರಣ

ಸ್ಥಳೀಯ ಪ್ರಯೋಗಗಳನ್ನು ಹೀಗೆ ವಿಂಗಡಿಸಬಹುದು.

ಅಪಹ್ನುತಿ: ಇರುವುದನ್ನು ಅಲ್ಲಗಳೆದು ಬೇರೊಂದನ್ನು ಸ್ಥಾಪಿಸುವುದು. ಉದಾಹರಣೆ: ‘ಇದು ಬಿರುಕಲ್ಲ, ಕ್ಯಾಲೆಂಡರು.’ ಬಿರುಕು ಉದ್ದವಾಗಿದ್ದರೆ ಎರಡು ಕ್ಯಾಲೆಂಡರು. ಹಳೆಯ ವರ್ಷದ್ದಾದರೂ ಬಾಧಕವಿಲ್ಲ.

ಭ್ರಾಂತಿಮಾನ್: ಒಂದನ್ನು ಮತ್ತೊಂದೆಂದು ಗ್ರಹಿಸುವುದು. ಬೆಳಗಿನ ಜಾವ ಟ್ಯಾಂಕರ್ ತುಂಬಿಸಿ ಹೋದ ಸಂಪಿನ ನೀರನ್ನು ಕೊಳ್ಳಲು ಬಂದವನು ಬೋರ್‌ವೆಲ್‌ನದೆಂದು ತಿಳಿಯುವುದು. ಟ್ಯಾಂಕರಿನ ಚಕ್ರದ ಗುರುತನ್ನು ಅಂಗಳ ಗುಡಿಸಿ ಅಳಿಸದಿದ್ದರೆ ರಸಭಂಗ.

ಅತಿಶಯೋಕ್ತಿ: ಇದರ ಪ್ರಯೋಗ ದೂರದ ವಿಷಯದಲ್ಲಿ. ‘ಬೆಂಗಳೂರು ಇಲ್ಲೇ’ ಎಂಬ ವಾಕ್ಯದಲ್ಲಿ ‘ಇಲ್ಲೇ’ ಎಂಬುದು ಚಿಂತಾಮಣಿ, ಹೊಸಕೋಟೆಗಳನ್ನೆಲ್ಲ ನುಂಗಿಕೊಂಡಿರುತ್ತದೆ.

ಭಾವಿಕ: ಮುಂದೆ ಬರಬಹುದಾದದ್ದನ್ನು ಈಗಲೇ ಬಂದಿರುವಂತೆ ವರ್ಣಿಸುವುದು. ಇದು ಬ್ರೋಕರುಗಳ ಪ್ರಿಯ ಅಲಂಕಾರ. ಶ್ರೀನಿವಾಸಪುರಕ್ಕೆಂದು ಘೋಷಣೆಯಾದ ರೈಲು ಬೋಗಿ ಕಾರ್ಖಾನೆ, ಮದನಪಲ್ಲಿ ಕಡೆಗೆ ಎಳೆಯಬೇಕಿದ್ದ ರೈಲುಮಾರ್ಗ, 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ನೀರು, ಇವೆಲ್ಲ ಒಂದೇ ಉಸಿರಿನಲ್ಲಿ ಎರಡು ಕೋಣೆಯ ಮನೆಯ ಹಿತ್ತಲಿಗೆ ಬಂದು ನಿಲ್ಲುತ್ತವೆ.

ವ್ಯಾಜಸ್ತುತಿ: ನಿಂದೆಯ ನೆಪದಲ್ಲಿ ಹೊಗಳುವುದು. ‘ಪಕ್ಕದ ಮನೆಯವರು ಭಾರೀ ಸಲಿಗೆ ಸ್ವಾಮಿ, ಬಾಗಿಲು ಹಾಕೋಕೇ ಬಿಡಲ್ಲ.’ ಮೂರು ಸೆಂಟು ಜಾಗಕ್ಕೆ ಹತ್ತು ವರ್ಷದಿಂದ ನಡೆಯುತ್ತಿರುವ ವ್ಯಾಜ್ಯ ಇಷ್ಟು ಸುಂದರವಾಗಿ ಅಡಗಿದ ಉದಾಹರಣೆ ಸಂಸ್ಕೃತದಲ್ಲೂ ವಿರಳ.

5. ಕಾಲನಿರ್ಣಯ

ಮನೆ ತೋರಿಸಲು ಶುಭಕಾಲ ಯಾವುದು? ಬೇಸಿಗೆ ಎಂಬುದು ಒಂದು ಪಕ್ಷ: ಕಲ್ಲು ಚಪ್ಪಡಿಯ ಸಂದಿನಲ್ಲಿ ಆಗ ಒಂದು ಹನಿಯೂ ಸೋರದು. ಆದರೆ ನಲ್ಲಿಯಲ್ಲೂ ಒಂದು ಹನಿ ಬಾರದು. ಮಳೆಗಾಲ ಎಂಬುದು ಇನ್ನೊಂದು ಪಕ್ಷ: ಆಗ ಬೋರು ನೀರೆತ್ತುತ್ತದೆ, ಛಾವಣಿ ಅದಕ್ಕಿಂತ ಮೊದಲೇ ಇಳಿಸುತ್ತದೆ. ಸಂಕ್ರಾಂತಿಯ ಆಸುಪಾಸು ಎಂಬುದು ಸಮನ್ವಯವಾದಿಗಳ ಮತ: ಹಿಂಗಾರು ಮುಗಿದಿರುತ್ತದೆ, ಛಾವಣಿ ಒಣಗಿರುತ್ತದೆ, ಬಾವಿಯಲ್ಲಿ ಇನ್ನೂ ಮರ್ಯಾದೆ ಉಳಿದಿರುತ್ತದೆ.

ಇದಕ್ಕೆ ಆಕ್ಷೇಪ: ಆಗ ಕೊಳ್ಳುವವನ ಕೈಯಲ್ಲಿ ದುಡ್ಡಿಲ್ಲ, ಮಾವು ಇನ್ನೂ ಹೂವಿನಲ್ಲಿದೆ. ಸಮಾಧಾನ: ಹೂವು ನೋಡಿ ತೋಪಿನ ಫಸಲಿಗೆ ಬೆಲೆ ಕಟ್ಟುವ ವ್ಯಾಪಾರಿಗಳ ಸೀಮೆಯಿದು, ಹೂವಿನ ಮೇಲೆ ಅಡ್ವಾನ್ಸ್ ಕೊಡುವುದು ಯಾರಿಗೂ ವಿಚಿತ್ರವಲ್ಲ. ಬಾಕಿ ಬರುವುದು ಮಾತ್ರ ಮಂಡಿಯ ಕೃಪೆಯಿಂದ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಬರಬಾರದೆಂದು ಆದೇಶಿಸಿದಾಗ, ಬೆಳೆಗಾರರು ಶ್ರೀನಿವಾಸಪುರದಲ್ಲಿ ಬಂದ್ ಆಚರಿಸಿದರು. ಬೆಲೆಯಿಲ್ಲದೆ ಹಣ್ಣು ರಸ್ತೆಬದಿ ಬೀಳುವ ಅಂಥ ವರ್ಷದಲ್ಲಿ ಬಾಗಿಲಿಗೆ ಯಾವ ಬಣ್ಣದ ಪೇಂಟು ಒಳ್ಳೆಯದು ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ.

6. ದೋಷ ಪ್ರಕರಣ

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣಲಾಗದ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ಹೇಳಬೇಕು. ಹಾಗಾದರೆ ಕ್ಯಾಲೆಂಡರಿನ ಹಿಂದಿನ ಬಿರುಕು? ಕ್ಯಾಲೆಂಡರ್ ಎತ್ತಿ ನೋಡುವುದು ಸಾಮಾನ್ಯ ಎಚ್ಚರ ಎಂದು ಮಾರುವವರ ಪಂಥ. ಪರರ ಮನೆಯಲ್ಲಿ ದೇವರ ಚಿತ್ರದ ಕ್ಯಾಲೆಂಡರ್ ಎತ್ತುವುದು ಅಸಭ್ಯತೆ ಎಂದು ಕೊಳ್ಳುವವರ ಪಂಥ. ಈ ಕಾರಣದಿಂದಲೇ ದೇವರ ಚಿತ್ರವಿರುವ ಕ್ಯಾಲೆಂಡರು ಸಿನಿಮಾ ನಟಿಯ ಕ್ಯಾಲೆಂಡರಿಗಿಂತ ಬಲವತ್ತರ ಎಂದು ನಾವು ನಿರ್ಣಯಿಸುತ್ತೇವೆ. ನಟಿಯದನ್ನು ಯಾರಾದರೂ ಎತ್ತಿ ನೋಡಿಯಾರು.

ಆದರೆ ಅದೇ ಕಲಮು ದೋಷವೆನ್ನುವಾಗ ಗೋಡೆಯದನ್ನು ಮಾತ್ರವಲ್ಲ, ಹಕ್ಕಿನದನ್ನೂ ಹೇಳುತ್ತದೆ. ಸಿಯಾಟಲ್ ಪಂಥ ಮುಗ್ಗರಿಸುವುದು ಇಲ್ಲೇ. ಗೋಡೆಯ ಮೇಲಿನ ತಾತನನ್ನು ಐದು ನಿಮಿಷದಲ್ಲಿ ಇಳಿಸಬಹುದು. ಖಾತೆಯಲ್ಲಿ ಕೂತಿರುವ ತಾತನನ್ನು ಇಳಿಸಲು ಮರಣಪತ್ರ, ವಂಶವೃಕ್ಷ, ಪೌತಿ ಅರ್ಜಿ ಬೇಕು. ಆ ವಂಶವೃಕ್ಷದಲ್ಲಿ ಮದನಪಲ್ಲಿಗೆ ಮದುವೆಯಾಗಿ ಹೋದ ಅತ್ತೆಯೂ ಮುಳಬಾಗಿಲಿನ ತಂಗಿಯೂ ಎಲೆಯಾಗಿ ಚಿಗುರಬೇಕು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೂ ಕೇಂದ್ರ 2005ರಲ್ಲೂ ತಂದವು. 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೂ ಮಾರುವ ಅಣ್ಣತಮ್ಮಂದಿರಿಗೆ ತಂಗಿಯ ನೆನಪಾಗುವುದು ಹೆಬ್ಬೆಟ್ಟಿನ ಯಂತ್ರದ ಮುಂದೆ ನಿಂತಾಗಲೇ.

7. ಸಹೃದಯ ಪ್ರಕರಣ

ಅಲಂಕಾರಕ್ಕೆ ಸಹೃದಯ ಬೇಕು. ಇಲ್ಲಿನ ಸಹೃದಯ ತೋರಣ ನೋಡುವುದಿಲ್ಲ, ಕಾಫಿಯ ಘಮಕ್ಕೆ ಕರಗುವುದಿಲ್ಲ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಎರಡೇ ಪ್ರಶ್ನೆ ಹಾಕುತ್ತಾನೆ. ಮೊದಲನೆಯದು, ‘ನೀಳ್ಳುನ್ನಾಯಾ?’ ನೀರಿಗೆ ಹೌದೆಂದ ಮೇಲೆ ಎರಡನೆಯದು, ‘ಪೇಪರ್ ಕ್ಲಿಯರಾ?’ ಪಂಚಾಯಿತಿಯ ಇ-ಸ್ವತ್ತಿನ ನಮೂನೆಗಳು, ಕಂದಾಯದ ರಶೀದಿ, ಇಸಿ ಎಂಬ ಋಣಭಾರ ಪತ್ರ, ಇಷ್ಟನ್ನು ಚಾಪೆಯ ಮೇಲೆ ಹರಡಿದರೆ ಆತ ಸೋರುವ ಚಪ್ಪಡಿಯನ್ನೂ ಕ್ಷಮಿಸುತ್ತಾನೆ. ಇವಿಲ್ಲದಿದ್ದರೆ ಇಟಾಲಿಯನ್ ಮಾರ್ಬಲ್ ಹಾಸಿದರೂ ‘ಮನೇಲಿ ಕೇಳಿ ಹೇಳ್ತೀನಿ’ ಎಂದು ಹೊರಡುತ್ತಾನೆ. ಹಾಗೆ ಹೊರಟವನು ಮರಳಿ ಬಂದ ನಿದರ್ಶನ ನಮ್ಮ ಗಮನಕ್ಕೆ ಬಂದಿಲ್ಲ.

8. ಸಿದ್ಧಾಂತ

ಮೇಲಿನ ವಿಚಾರಗಳಿಂದ ಸಿದ್ಧವಾಗುವುದೇನೆಂದರೆ, ಸುಣ್ಣ, ತೋರಣ, ಕ್ಯಾಲೆಂಡರುಗಳು ಮಾರುವವನ ಮನಸ್ಸಮಾಧಾನಕ್ಕೆ. ಮನೆ ಮಾರಾಟವಾಗುವುದು ನೀರಿನಿಂದ ಮತ್ತು ಸಹಿಯಿಂದ. ಆದ್ದರಿಂದ ಮನೆ ಮಾರಲು ಹೊರಟಿರುವ ಓದುಗರಲ್ಲಿ ವಿನಂತಿ: ಪೇಂಟಿನ ಡಬ್ಬ ತರುವ ಮುಂಚೆ ಇಸಿಗೆ ಅರ್ಜಿ ಹಾಕಿ, ತಾತನ ಖಾತೆ ನಿಮ್ಮ ಹೆಸರುಗಳಿಗೆ ಮಾಡಿಸಿ, ಅಕ್ಕತಂಗಿಯರನ್ನು ಊಟಕ್ಕೆ ಕರೆದು ಅವರ ಪಾಲು ಎಷ್ಟೆಂದು ಮೊದಲೇ ಬಾಯಿಬಿಟ್ಟು ಹೇಳಿ. ದುಡ್ಡು ಉಳಿದರೆ ಗೋಡೆಗೆ ಸುಣ್ಣ ಹೊಡೆಸಿ.